ಮರದ ಮಾತು ಯಾರಿಗೆ ತಿಳಿಯಿತು?

ಸಿನೇಮಾ ಮಂದಿರದಲ್ಲಿ ಅಳುವವರಲ್ಲಿ ಮೂರು ಪಂಗಡಗಳುಂಟು. ಮೊದಲನೆಯವರು ಬಹಿರಂಗವಾಗಿ ಅಳುವವರು. ಸೆರಗನ್ನೋ ಕರವಸ್ತ್ರವನ್ನೋ ಸಿದ್ಧಮಾಡಿಕೊಂಡೇ ಬಂದಿರುತ್ತಾರೆ. ಎರಡನೆಯವರು ಅಳುವನ್ನು ಕೆಮ್ಮಾಗಿ ಮಾರ್ಪಡಿಸುವವರು. ಈ ಪಂಗಡದಲ್ಲಿ ಗಂಡಸರು ಹೆಚ್ಚು, ಅವರಲ್ಲಿಯೂ ನಮ್ಮಂಥ ಸರಕಾರಿ ಗುಮಾಸ್ತರು ಇನ್ನೂ ಹೆಚ್ಚು. ಮೂರನೆಯವರು ಮಕ್ಕಳು. ಅವರು ಅಳುತ್ತಿರುವಾಗಲೇ ನಗಬಲ್ಲರು, ನಗುತ್ತಿರುವಾಗಲೇ ‘ಮುಂದೇನು?’ ಎಂದು ಕೇಳಬಲ್ಲರು. ಒಂದೇ ಚಿತ್ರಕ್ಕೆ ಈ ಮೂರೂ ಪಂಗಡದವರು ಒಂದೇ ಸಾಲಿನಲ್ಲಿ ಕುಳಿತು ಅತ್ತದ್ದನ್ನು ನೋಡುವ ಯೋಗ ಅಪರೂಪ. ಆ ಯೋಗ ನಮಗೆ 2023ರ ಮೇ ತಿಂಗಳಲ್ಲಿ ಈ ಪುಣೆಯಲ್ಲಿಯೇ ಒದಗಿತು. ಅದೂ ಎಂಥ ಚಿತ್ರಕ್ಕೆ? ಭಕ್ತ ಪ್ರಹ್ಲಾದನ ಕಥೆಗಲ್ಲ, ಅತ್ತೆಯ ಕಾಟಕ್ಕೆ ಸಿಕ್ಕ ಸೊಸೆಯ ಕಥೆಗೂ ಅಲ್ಲ. ಆಕಾಶದಲ್ಲಿ ಹಾರಾಡಿ ಹೊಡೆದಾಡುವ ಅಮೇರಿಕೆಯ ವೀರರ ಕಥೆಗೆ!

ಚಿತ್ರದ ಹೆಸರು ‘ಗಾರ್ಡಿಯನ್ಸ್ ಆಫ್ ದ ಗ್ಯಾಲಕ್ಸಿ’, ಮೂರನೆಯ ಸಂಪುಟ. ‘ನಕ್ಷತ್ರಲೋಕದ ಕಾವಲುಗಾರರು’ ಎಂದು ಕನ್ನಡಿಸಬಹುದು. ಮನೆಯ ಮಕ್ಕಳಿಗೆ ಇದರ ಪರಿಚಯ ಮಾಡಿಕೊಡುವ ಅಗತ್ಯವಿಲ್ಲ. ಹಿರಿಯರ ಸಲುವಾಗಿ ನಾಲ್ಕು ಮಾತು ಹೇಳಬೇಕು.

ಮಾರ್ವೆಲ್ ಎಂಬ ಸಂಸ್ಥೆಯವರ ಚಿತ್ರಗಳಲ್ಲಿ ಒಬ್ಬೊಬ್ಬ ವೀರನಿಗೂ ಒಂದೊಂದು ಶಕ್ತಿ, ಒಂದೊಂದು ಪದವಿ. ಈ ಕಾವಲುಗಾರರ ತಂಡವೊಂದೇ ಬೇರೆ. ಇವರು ಎಲ್ಲಿಯೂ ಸಲ್ಲದೆ ಇಲ್ಲಿ ಸಂದವರು. ಮುಖ್ಯಸ್ಥ ಪೀಟರ್ ಕ್ವಿಲ್ ನಮ್ಮ ಭೂಮಿಯವನೇ. 1988ರಲ್ಲಿ ತಾಯಿ ತೀರಿಕೊಂಡ ರಾತ್ರಿಯೇ ಆಕಾಶದ ಕಳ್ಳರು ಅವನನ್ನು ಹೊತ್ತೊಯ್ದರು. ಅವನ ಬಳಿ ಉಳಿದದ್ದು ತಾಯಿ ಕೊಟ್ಟ ಹಾಡಿನ ಕ್ಯಾಸೆಟ್ಟು ಮಾತ್ರ. ಉಳಿದವರಲ್ಲಿ ಒಬ್ಬ ಹೆಂಡತಿ ಮಕ್ಕಳನ್ನು ಕಳೆದುಕೊಂಡವನು. ಇಬ್ಬರು ಹೆಂಗಸರು ಕ್ರೂರಿಯೊಬ್ಬನ ಸಾಕುಮಕ್ಕಳು. ಇನ್ನೊಂದು ರಾಕೆಟ್ ಎಂಬ ರಕೂನು. ನಮ್ಮ ದೇಶದಲ್ಲಿಲ್ಲದ ಪ್ರಾಣಿ ಅದು, ಕಣ್ಣಿನ ಸುತ್ತ ಕಪ್ಪು ಪಟ್ಟಿ, ಬಾಲದ ಮೇಲೆ ಬಳೆಬಳೆ. ಕೊನೆಯದು ಗ್ರೂಟ್ ಎಂಬ ನಡೆದಾಡುವ ಮರ. ಮೊದಲ ಚಿತ್ರ 2014ರಲ್ಲಿ ಬಂತು, ಎರಡನೆಯದು 2017ರಲ್ಲಿ, ಮೂರನೆಯದೂ ಕೊನೆಯದೂ 2023ರಲ್ಲಿ. ಮೂರನ್ನೂ ನಿರ್ದೇಶಿಸಿದವರು ಜೇಮ್ಸ್ ಗನ್. ನಡುವೆ 2018ರ ಜುಲೈಯಲ್ಲಿ ಅವರ ಹಳೆಯ ಬರಹಗಳ ನೆಪದಲ್ಲಿ ಕಂಪನಿಯವರು ಅವರನ್ನು ಕೆಲಸದಿಂದ ತೆಗೆದರು. ತಂಡದ ನಟನಟಿಯರು ಅವರ ಪರವಾಗಿ ಬಹಿರಂಗ ಪತ್ರ ಬರೆದರು. 2019ರ ಮಾರ್ಚಿಯಲ್ಲಿ ಅವರೇ ತಿರುಗಿ ಬಂದರು. ಹೀಗಾಗಿ ಕಡೆಯ ಚಿತ್ರಕ್ಕಾಗಿ ಪ್ರೇಕ್ಷಕರು ಆರು ವರ್ಷ ಕಾಯಬೇಕಾಯಿತು. ನಮ್ಮ ಮಗಳು ಹುಟ್ಟಿದ್ದು 2014ರಲ್ಲಿ. ಮೊದಲ ಚಿತ್ರ ಬಂದಾಗ ತೊಟ್ಟಿಲಲ್ಲಿದ್ದವಳು ಕೊನೆಯ ಚಿತ್ರಕ್ಕೆ ಟಿಕೇಟು ತೆಗೆಸಿಕೊಂಡು ಬಂದಳು ಎಂದರೆ ಅವಧಿ ಎಷ್ಟು ದೊಡ್ಡದೆಂದು ತಿಳಿದೀತು.

ಪುಣೆಯವರಿಗೆ ಸಿನೇಮಾ ಹೊಸ ವಸ್ತುವಲ್ಲ. ಪ್ರಭಾತ್ ಕಂಪನಿ 1933ರಲ್ಲಿ ಕೊಲ್ಹಾಪುರದಿಂದ ಇಲ್ಲಿಗೆ ಬಂದು ನೆಲೆಸಿತು. ಅದರ ಸ್ಟುಡಿಯೋದ ಜಾಗದಲ್ಲಿಯೇ 1960ರಲ್ಲಿ ಸರಕಾರದ ಫಿಲ್ಮ್ ಸಂಸ್ಥೆ ಹುಟ್ಟಿತು. ನಮ್ಮ ಗಿರೀಶ ಕಾಸರವಳ್ಳಿಯವರು ಕಲಿತದ್ದು ಅಲ್ಲಿ. ಗಿರೀಶ ಕಾರ್ನಾಡರು ಅದರ ನಿರ್ದೇಶಕರಾಗಿ ಕೆಲಸ ಮಾಡಿದ್ದರು. ಇಂಥ ಊರಿನ ಪ್ರೇಕ್ಷಕರು ಸುಲಭವಾಗಿ ಮೆಚ್ಚುವವರಲ್ಲ. ಮಧ್ಯಂತರದಲ್ಲಿ ಚಹದ ಲೋಟ ಹಿಡಿದೇ ಅರ್ಧ ವಿಮರ್ಶೆ ಮುಗಿಸಿಬಿಡುತ್ತಾರೆ. ನಮ್ಮ ಕಚೇರಿಯ ಮರಾಠಿ ಮಿತ್ರರೊಬ್ಬರು ‘ಮಕ್ಕಳ ಆಟಿಗೆ ಮಾರುವುದಕ್ಕೆ ತೆಗೆದ ಚಿತ್ರ, ಇದರಲ್ಲಿ ಏನಿದೆ?’ ಎಂದು ಮೊದಲೇ ತೀರ್ಪು ಕೊಟ್ಟಿದ್ದರು. ಅದೇ ಭಾನುವಾರ ಅದೇ ಮಂದಿರದಲ್ಲಿ ಎರಡು ಸಾಲು ಹಿಂದೆ ಅವರೂ ಕುಳಿತಿದ್ದುದನ್ನು ನಾವು ಕಂಡೆವು. ಎರಡನೆಯ ಪಂಗಡದ ಕೆಮ್ಮು ಅಲ್ಲಿಂದಲೂ ಕೇಳಿಬಂತು. ಸೋಮವಾರ ನಾವಿಬ್ಬರೂ ಆ ವಿಷಯ ಎತ್ತಲಿಲ್ಲ.

ಸಂಘದ ಮೂರು ಮನೆಯವರು ಸೇರಿ ಹನ್ನೊಂದು ಮಂದಿ ಹೋಗಿದ್ದೆವು. ಟಿಕೇಟಿನ ಲೆಕ್ಕ, ಜೋಳದ ಅರಳಿನ ಲೆಕ್ಕ ಇಲ್ಲಿ ಬೇಡ. ತಿಂಗಳ ಕೊನೆಯಾಗಿರಲಿಲ್ಲ ಎಂದರೆ ಸಾಕು. ಮಕ್ಕಳಿಗಾಗಿ ಹೊರಟ ಮೇಲೆ ಮನೆಯಲ್ಲಿ ಒಬ್ಬರೇ ಆಗುತ್ತಾರೆಂದು ನಮ್ಮ ಅವ್ವನನ್ನೂ ಕರೆದುಕೊಂಡು ಹೋಗಿದ್ದೆವು. ಅವ್ವ ಗದಗ ಜಿಲ್ಲೆಯವರು. ತಂದೆಯವರು ತೀರಿಕೊಂಡ ಮೇಲೆ ನಮ್ಮ ಬಳಿ ಪುಣೆಗೆ ಬಂದವರು. ಇಂಗ್ಲಿಷು ಬಾರದು, ಮರಾಠಿ ಕಾಯಿಪಲ್ಯದವಳ ಸಂಗಡ ಚೌಕಾಸಿ ಮಾಡುವಷ್ಟು ಬರುತ್ತದೆ. ಚಿತ್ರ ಇಂಗ್ಲಿಷಿನದು, ಎರಡೂವರೆ ತಾಸಿನದು. ಅವರು ನಿದ್ದೆ ಹೋದಾರೆಂದೇ ನಾವು ಎಣಿಸಿದ್ದೆವು.

ಚಿತ್ರದ ತಿರುಳು ರಕೂನಿನ ಪೂರ್ವಕಥೆ. ಹಿಂದಿನ ಎರಡು ಚಿತ್ರಗಳಲ್ಲಿ ಅದು ಎಲ್ಲರ ಮೇಲೂ ಹರಿಹಾಯುವ ಸಿಡುಕಿನ ಪ್ರಾಣಿ. ಯಾರಾದರೂ ‘ರಕೂನ್’ ಎಂದರೆ ರೇಗುತ್ತಿತ್ತು. ಏಕೆ ಆ ಸಿಡುಕು ಎಂಬುದು ಮೂರನೆಯದರಲ್ಲಿ ತಿಳಿಯುತ್ತದೆ. ಪರಿಪೂರ್ಣ ಲೋಕವನ್ನು ಕಟ್ಟುತ್ತೇನೆಂದು ಹೊರಟ ಒಬ್ಬ ಮಹಾಬುದ್ಧಿವಂತ ಕ್ರೂರಿ, ಮರಿಯಾಗಿದ್ದಾಗಲೇ ಅದನ್ನು ತಂದು, ಕೊಯ್ದು, ಹೊಲಿದು, ಮೈಯೊಳಗೆ ಕಬ್ಬಿಣ ಸೇರಿಸಿ, ಮಾತು ಕಲಿಸಿ, ಪಂಜರದಲ್ಲಿ ಇಟ್ಟಿದ್ದ. ಅದೇ ಪಂಜರದ ಸಾಲಿನಲ್ಲಿ ಒಂದು ನೀರುನಾಯಿ, ಒಂದು ಮೊಲ, ಕೋರೆಯುಳ್ಳ ವಾಲ್ರಸ್ ಎಂಬ ಕಡಲಪ್ರಾಣಿ. ಅವುಗಳಿಗೂ ಅದೇ ಗತಿ. ಕತ್ತಲೆಯಲ್ಲಿ ನಾಲ್ಕೂ ಕುಳಿತು, ಎಂದೋ ಒಂದು ದಿನ ಆಕಾಶ ನೋಡುವ ಮಾತಾಡುತ್ತವೆ, ತಮಗೆ ತಾವೇ ಹೆಸರಿಟ್ಟುಕೊಳ್ಳುತ್ತವೆ. ಏಕೆಂದರೆ ಅಲ್ಲಿ ಯಾರಿಗೂ ಹೆಸರಿಲ್ಲ. ರಾಕೆಟ್ಟಿಗೆ ಇದ್ದದ್ದು 89ಪಿ13 ಎಂಬ ನಂಬರು.

ಈ ನಂಬರನ್ನು ಕಂಡಾಗ ನಮಗೆ ಮೈ ಜುಮ್ಮೆಂದಿತು. ಆವಕ ಜಾವಕ ನಂಬರುಗಳ ನಡುವೆಯೇ ನಮ್ಮ ಹಗಲು ಕಳೆಯುತ್ತದೆ. ‘ಆ ವಿಧವೆಯ ಅರ್ಜಿ ಏನಾಯಿತು?’ ಎಂದು ಕೇಳುವವರು ಕಡಿಮೆ; ‘ನಂಬರು ಹೇಳಿ’ ಎನ್ನುವವರೇ ಬಹಳ. ನಂಬರು ಬೇಕು ನಿಜ, ಅದಿಲ್ಲದೆ ಕಡತ ಸಿಗದು. ಆದರೆ ಕಡತದೊಳಗೆ ಒಂದು ಹೆಸರಿದೆ ಎಂಬುದನ್ನು ಮರೆತವನ ಕೈಯಲ್ಲಿ ನಂಬರು ಎಂಥ ಆಯುಧವಾದೀತೆಂದು ಈ ಚಿತ್ರ ತೋರಿಸಿತು. ಪ್ರಾಣಿದಯಾ ಸಂಸ್ಥೆಯಾದ ಪೀಟಾದವರು ಜೇಮ್ಸ್ ಗನ್ನರಿಗೆ ಪ್ರಶಸ್ತಿ ಕೊಟ್ಟರು. ಆ ಪ್ರಶಸ್ತಿಯ ಹೆಸರಿನ ಅರ್ಥವೇ ‘ನಂಬರಲ್ಲ’ ಎಂದು! ಚಿತ್ರದ ಕೊನೆಯಲ್ಲಿ ರಾಕೆಟ್ ಇನ್ನೊಂದು ಪಂಜರದಲ್ಲಿ ತನ್ನದೇ ಜಾತಿಯ ಮರಿಗಳನ್ನು ಕಾಣುತ್ತದೆ, ಪಂಜರದ ಮೇಲಿನ ಫಲಕದಲ್ಲಿ ತನ್ನ ಕುಲದ ಹೆಸರನ್ನು ಓದುತ್ತದೆ. ಅಷ್ಟು ದಿನ ಯಾವ ಶಬ್ದಕ್ಕೆ ರೇಗುತ್ತಿತ್ತೋ ಅದನ್ನೇ ತನ್ನ ಹೆಸರಿಗೆ ಸೇರಿಸಿಕೊಂಡು ವೈರಿಯ ಮುಂದೆ ಎದೆಯೆತ್ತಿ ನಿಲ್ಲುತ್ತದೆ. ಆಗ ಮಂದಿರದಲ್ಲಿ ಸಿಳ್ಳೆ ಬಿದ್ದವು.

ಪಂಜರದ ದೃಶ್ಯಗಳಲ್ಲಿ ಮಾತ್ರ ಸಿಳ್ಳೆಯೂ ಇಲ್ಲ, ಅರಳು ಅಗಿಯುವ ಸಪ್ಪಳವೂ ಇಲ್ಲ. ನಿದ್ದೆ ಹೋದಾರೆಂದುಕೊಂಡಿದ್ದ ಅವ್ವ ಮುಂದಕ್ಕೆ ಬಾಗಿ ಕುಳಿತಿದ್ದರು. ಮೊಮ್ಮಗಳ ಸಂಗಡ ಅವರ ಸಂವಾದ ಹೀಗೆ ನಡೆದಿತ್ತು:

‘ಇದ್ಯಾವ ಪ್ರಾಣಿಬೇ ಪುಟ್ಟಿ?’

‘ರಕೂನ್ ಅಂತಾರ ಅಜ್ಜಿ.’

‘ಅದರ ಅವ್ವ ಎಲ್ಲಿ ಹ್ವಾದ್ಲು?’

‘ಅದಕ್ಕ ಅವ್ವ ಇಲ್ಲ. ಅದಕ್ಕ ಯಾರೂ ಇಲ್ಲ.’

‘ಯಾರೂ ಇಲ್ಲ ಹೆಂಗ ಅಂತಿ? ಮಗ್ಗಲದಾಗ ಅಷ್ಟು ಮಂದಿ ಕುಂತಾರಲ್ಲ.’

ಇಂಗ್ಲಿಷು ಬಾರದವರು ಚಿತ್ರದ ಸಾರವನ್ನು ಒಂದು ವಾಕ್ಯದಲ್ಲಿ ಹೇಳಿಬಿಟ್ಟರು. ಆಮೇಲೆ ಸೆರಗು ಕಣ್ಣಿಗೆ ಹೋಯಿತು. ಇದರಲ್ಲಿ ಆಶ್ಚರ್ಯವಿಲ್ಲ. ಕನ್ನಡದ ಮಕ್ಕಳು ಕಥೆ ಕೇಳಿ ಮೊತ್ತಮೊದಲು ಅಳುವುದೇ ಒಂದು ಹಸುವಿನ ಸಲುವಾಗಿ, ಪುಣ್ಯಕೋಟಿಯ ಸಲುವಾಗಿ. ಮೂಕಪ್ರಾಣಿಯ ಬಾಯಲ್ಲಿ ನ್ಯಾಯದ ಮಾತು ಕೇಳಿ ಕಣ್ಣೀರಿಡುವುದನ್ನು ಅಮೇರಿಕೆಯವರಿಂದ ಕಲಿಯಬೇಕಾಗಿಲ್ಲ.

ಇಷ್ಟು ಹೇಳಿದ ಮೇಲೆ ತಂದೆತಾಯಂದಿರಿಗೆ ಒಂದು ಎಚ್ಚರಿಕೆಯನ್ನೂ ಕೊಡಬೇಕು. ಪ್ರಾಣಿಗಳ ಹಿಂಸೆಯನ್ನು ತೀರ ಹತ್ತಿರದಿಂದ ತೋರಿಸಿದ್ದಾರೆಂದು ಅನೇಕರು ಆಕ್ಷೇಪಿಸಿದರು. ಆ ಆಕ್ಷೇಪ ಸುಳ್ಳಲ್ಲ. ಅಮೇರಿಕೆಯಲ್ಲಿ ಹದಿಮೂರಕ್ಕಿಂತ ಸಣ್ಣವರ ತಂದೆತಾಯಿಗಳಿಗೆ ಎಚ್ಚರಿಕೆ ಹೇಳುವ ದರ್ಜೆಯನ್ನು ಇದಕ್ಕೆ ಕೊಟ್ಟಿದ್ದಾರೆ. ನಮ್ಮ ಗುಂಪಿನ ಐದು ವರ್ಷದ ಹುಡುಗನೊಬ್ಬನನ್ನು ಅವನ ತಾಯಿ ನಡುವೆ ಹೊರಗೆ ಕರೆದೊಯ್ಯಬೇಕಾಯಿತು. ಒಂಬತ್ತು ಹತ್ತು ವರ್ಷದವರನ್ನು ಕರೆದೊಯ್ಯುವುದಾದರೆ ಮಗ್ಗುಲಲ್ಲಿ ಕುಳಿತುಕೊಳ್ಳಿ, ಮನೆಗೆ ಬಂದ ಮೇಲೆ ಅದರ ಬಗ್ಗೆ ಮಾತಾಡಿ.

ಇನ್ನು ಎಲ್ಲರ ಮನಸ್ಸಿನಲ್ಲಿದ್ದ ದೊಡ್ಡ ಪ್ರಶ್ನೆ: ಕೊನೆಯ ಚಿತ್ರವಾದ್ದರಿಂದ ತಂಡದಲ್ಲಿ ಯಾರು ಸಾಯುತ್ತಾರೆ? ಜಾಹೀರಾತು ಬಂದಂದಿನಿಂದ ಹುಡುಗರಲ್ಲಿ ಇದೇ ಚರ್ಚೆ. ಸಂಘದ ತರುಣರಿಬ್ಬರು ಮಿಸಳಿನ ಪಣವನ್ನೇ ಕಟ್ಟಿದ್ದರು. ಒಬ್ಬನದು ರಕೂನು ಸಾಯುತ್ತದೆಂದು, ಇನ್ನೊಬ್ಬನದು ಪೀಟರನೇ ಸಾಯುತ್ತಾನೆಂದು. ಇಬ್ಬರೂ ಸೋತರು. ಕಾವಲುಗಾರರಲ್ಲಿ ಯಾರೂ ಸಾಯುವುದಿಲ್ಲ. ಆದರೆ ಮನೆ ಒಡೆಯುತ್ತದೆ. ಒಬ್ಬಾಕೆ ತನ್ನ ದಾರಿಯನ್ನು ತಾನೇ ಹುಡುಕುತ್ತೇನೆಂದು ಹೊರಡುತ್ತಾಳೆ. ಇಬ್ಬರು ಬಿಡುಗಡೆಯಾದ ಅನಾಥ ಮಕ್ಕಳನ್ನು ಸಾಕುತ್ತ ಅಲ್ಲಿಯೇ ನಿಲ್ಲುತ್ತಾರೆ. ಪೀಟರ್ ಭೂಮಿಗೆ, ತನ್ನ ಅಜ್ಜನ ಮನೆಗೆ ಹೊರಡುತ್ತಾನೆ. ರಾಕೆಟ್ ಹೊಸ ತಂಡದ ಯಜಮಾನನಾಗುತ್ತದೆ. ಜಗಳವಿಲ್ಲ, ಪಾಲುಪಟ್ಟಿಯಿಲ್ಲ. ಹೊರಡುವ ಹೊತ್ತು ಬಂದಿದೆ, ಹೊರಡುತ್ತಾರೆ, ಅಷ್ಟೇ.

ಪಣ ಸೋತವರಲ್ಲಿ ಒಬ್ಬ, ‘ಯಾರೂ ಸಾಯದೆ ಮುಗಿಸಿದರೆ ಅದೆಂಥ ಅಂತ್ಯ?’ ಎಂದು ಗೊಣಗಿದ. ಹಾಗೆ ಗೊಣಗುವವರು ನಮ್ಮ ಗದುಗಿನ ಭಾರತವನ್ನು ನೆನೆಯಬೇಕು. ಕುಮಾರವ್ಯಾಸ ಹತ್ತೇ ಪರ್ವಗಳನ್ನು ಬರೆದು ಗದಾಪರ್ವಕ್ಕೆ ಲೇಖನಿ ಕೆಳಗಿಟ್ಟ. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಕಾಲದ ತಿಮ್ಮಣ್ಣ ಕವಿ ಪೂರ್ಣಗೊಳಿಸಿದ. ಆದರೂ ನಮ್ಮ ಹಳ್ಳಿಗಳಲ್ಲಿ ಓದಿದ್ದು, ಓದಿಸಿದ್ದು ಕುಮಾರವ್ಯಾಸನ ಹತ್ತನ್ನೇ. ಐವರೂ ಬದುಕಿ ಒಟ್ಟಿಗಿರುವಲ್ಲಿಗೆ ಪುಸ್ತಕ ಕಟ್ಟಿಡುವುದು ಕೇಳುವವರಿಗೂ ಇಷ್ಟವಾಗಿದ್ದಿರಬೇಕು. ಒಬ್ಬೊಬ್ಬರಾಗಿ ಹಿಮಾಲಯದಲ್ಲಿ ಬೀಳುವುದನ್ನು ಕೇಳಲು ಯಾರಿಗೆ ಮನಸ್ಸು?

ಆದರೆ ನಮಗೆ ತೋರಿದ ಕಾರಣ ಬೇರೆ. ಸಾವಿಲ್ಲದ ಅಗಲಿಕೆ ಎಂಬುದು ನಮ್ಮಂಥ ಊರು ಬಿಟ್ಟವರಿಗೆ ಚೆನ್ನಾಗಿ ಗೊತ್ತು. ಯಾರೂ ಸತ್ತಿರುವುದಿಲ್ಲ. ಒಬ್ಬನಿಗೆ ಪಿಂಪ್ರಿಯಲ್ಲಿ ಕೆಲಸ, ಒಬ್ಬಳನ್ನು ಸೊಲ್ಲಾಪುರಕ್ಕೆ ಕೊಟ್ಟದ್ದು, ಕಿರಿಯವನು ಬೆಂಗಳೂರಿಗೆ. ಬಸ್ಸಿನ ಕಿಟಕಿಯಿಂದ ಕೈಬೀಸಿ ಎಲ್ಲರೂ ಕ್ಷೇಮವಾಗಿ ಹೋಗುತ್ತಾರೆ. ಆದರೂ ಹಿಂದೆ ಉಳಿದ ಪಡಸಾಲೆಯಲ್ಲಿ ಕುಳಿತವರ ಗಂಟಲು ಕಟ್ಟುತ್ತದೆ. ಮಂದಿರದಲ್ಲಿ ಕೆಮ್ಮು ಹೆಚ್ಚಾದದ್ದು ಈ ಬೀಳ್ಕೊಡುಗೆಯ ದೃಶ್ಯದಲ್ಲಿ, ಯುದ್ಧದ ದೃಶ್ಯದಲ್ಲಲ್ಲ.

ಬೀಳ್ಕೊಡುವ ಪ್ರೇಕ್ಷಕರೆಂದಾಗ ಕನ್ನಡಿಗರಿಗೆ 2022ರ ಮಾರ್ಚ್ 17 ನೆನಪಾಗದೆ ಇರದು. ಪುನೀತ್ ರಾಜಕುಮಾರರು ತೀರಿಕೊಂಡದ್ದು 2021ರ ಅಕ್ಟೋಬರ್ 29ರಂದು. ಅವರ ‘ಜೇಮ್ಸ್’ ಚಿತ್ರವನ್ನು ಅವರ ಹುಟ್ಟುಹಬ್ಬದ ದಿನ ಬಿಡುಗಡೆ ಮಾಡಿದರು. ಮಾತು ಸೇರಿಸುವ ಕೆಲಸ ಮುಗಿದಿರಲಿಲ್ಲವಾದ್ದರಿಂದ ಅಣ್ಣ ಶಿವರಾಜಕುಮಾರರು ತಮ್ಮನಿಗೆ ಕಂಠ ಕೊಟ್ಟರು. ತಮ್ಮನ ಮುಖ, ಅಣ್ಣನ ದನಿ. ಬೇರೆ ಯಾರಾದರೂ ಕೇಳಿದ್ದರೆ ‘ದನಿ ಹೊಂದಲಿಲ್ಲ’ ಎಂದಾರು. ಕನ್ನಡದ ಪ್ರೇಕ್ಷಕರಿಗೆ ಎರಡೂ ಮನೆಯವರದೇ. ಕೂಸಾಗಿದ್ದಾಗಿನಿಂದ, 1985ರ ‘ಬೆಟ್ಟದ ಹೂವು’ ಚಿತ್ರದ ಹುಡುಗನಾಗಿದ್ದಾಗಿನಿಂದ ಅವರನ್ನು ಕಂಡವರು ಇವರು. ಪ್ರೇಕ್ಷಕರು ಅಳುವುದು ಪರದೆಯ ಮೇಲೆ ಕಂಡದ್ದಕ್ಕೆ ಮಾತ್ರವಲ್ಲ. ತಾವು ಜೊತೆಯಲ್ಲಿ ಕಳೆದ ವರ್ಷಗಳಿಗೂ ಅಳುತ್ತಾರೆ.

ಇದಕ್ಕೆ ಸಾಕ್ಷಿಯಾಗಿ ಆ ಮರದ ಮಾತಿಗೆ ಬರೋಣ.

ಗ್ರೂಟ್ ಎಂಬ ಮರ ಮೂರೇ ಶಬ್ದ ಆಡುತ್ತದೆ: ‘ಐ ಆ್ಯಮ್ ಗ್ರೂಟ್’. ‘ನಾನು ಗ್ರೂಟ್’ ಎಂದಷ್ಟೇ. ಹಸಿವಾದರೂ ಅದೇ, ಸಿಟ್ಟು ಬಂದರೂ ಅದೇ, ಶತ್ರು ಬಂದರೂ ಅದೇ. 1960ರಲ್ಲಿ ಮೊದಲು ಚಿತ್ರಪುಸ್ತಕದಲ್ಲಿ ಕಾಣಿಸಿಕೊಂಡಾಗ ಗ್ರೂಟ್ ಭೂಮಿಯ ಮೇಲೆ ದಂಡೆತ್ತಿ ಬಂದ ರಾಕ್ಷಸ. ಆಗ ಉದ್ದುದ್ದ ಭಾಷಣವನ್ನೇ ಮಾಡುತ್ತಿದ್ದ! ಮೂರು ಶಬ್ದಕ್ಕೆ ಇಳಿದದ್ದು ಬಹಳ ವರ್ಷಗಳ ಮೇಲೆ. ಸಿನೇಮಾದಲ್ಲಿ ದನಿ ಕೊಟ್ಟವರು ವಿನ್ ಡೀಸೆಲ್ ಎಂಬ ನಟರು. ಪ್ರತಿಯೊಂದು ಸಲದ ‘ನಾನು ಗ್ರೂಟ್’ಗೂ ನಿಜವಾದ ಅರ್ಥವೇನೆಂದು ನಿರ್ದೇಶಕರು ಅವರಿಗೆ ಬೇರೆಯಾಗಿ ಬರೆದುಕೊಡುತ್ತಿದ್ದರು. ಆ ಅರ್ಥವನ್ನು ಮನಸ್ಸಿನಲ್ಲಿಟ್ಟು ಅವರು ಅದೇ ಮೂರು ಶಬ್ದ ನುಡಿಯಬೇಕು. ಮೊದಲ ಚಿತ್ರದಲ್ಲಿ ಆ ಮರ ಗೆಳೆಯರನ್ನು ಉಳಿಸಲು ತನ್ನ ಟೊಂಗೆಗಳನ್ನೇ ಗೂಡಾಗಿ ಹೆಣೆದು ತಾನು ಚೂರಾಗುತ್ತದೆ. ಆಗ ಒಂದೇ ಒಂದು ಸಲ ‘ನಾನು’ ಎಂಬಲ್ಲಿ ‘ನಾವು’ ಎನ್ನುತ್ತದೆ. ಉಳಿದ ಒಂದು ಕಡ್ಡಿ ಕುಂಡದಲ್ಲಿ ಚಿಗುರಿ, ಎರಡನೆಯ ಚಿತ್ರದಲ್ಲಿ ಕೂಸಾಗಿ, ಮೂರನೆಯದರಲ್ಲಿ ಭಾರಿ ಗಾತ್ರದ ತರುಣನಾಗಿ ಬರುತ್ತದೆ. ಜೊತೆಗಾರರಿಗೆ ಅದರ ಮಾತು ತಿಳಿಯುತ್ತದೆ; ನೋಡುವ ನಮಗೆ ತಿಳಿಯದು.

ಈಗ ಬೀಳ್ಕೊಡುಗೆ. ಎಲ್ಲರೂ ಒಬ್ಬರನ್ನೊಬ್ಬರು ಅಪ್ಪಿ ನಿಂತಿದ್ದಾರೆ. ಮರ ಬಾಯಿ ತೆರೆದು, ನಿಮ್ಮೆಲ್ಲರ ಮೇಲೂ ನನಗೆ ಪ್ರೀತಿ ಎಂಬ ಅರ್ಥದ ಮಾತನ್ನು ಸ್ಪಷ್ಟವಾದ ಇಂಗ್ಲಿಷಿನಲ್ಲಿ ಹೇಳುತ್ತದೆ! ಒಂಬತ್ತು ವರ್ಷದಲ್ಲಿ ಮೊದಲ ಬಾರಿಗೆ. ಮಂದಿರದಲ್ಲಿ ಒಂದು ಕ್ಷಣ ಗಲಿಬಿಲಿ. ನಮ್ಮ ಹಿಂದೆ ಕುಳಿತ ಕಾಲೇಜು ಹುಡುಗರಲ್ಲಿ ಒಬ್ಬ ನಕ್ಕ, ಇನ್ನೊಬ್ಬ ಅವನನ್ನು ಗದರಿದ. ‘ಮರಕ್ಕೆ ಮಾತು ಬಂತು’ ಎಂದರು ನಮ್ಮ ಮನೆಯವರು. ನಾವೂ ಅದೇ ತಿಳಿದಿದ್ದೆವು. ಆಗ ನಮ್ಮ ಒಂಬತ್ತು ವರ್ಷದ ಮಗಳು ಕಣ್ಣೊರಸಿಕೊಳ್ಳುತ್ತ ಹೇಳಿದಳು:

‘ಇಲ್ಲಮ್ಮಾ, ಅದು ಬ್ಯಾರೆ ಏನೂ ಅನ್ನಲಿಲ್ಲ. ಯಾವಾಗ್ಲೂ ಅನ್ನೂದಽ ಅಂತು. ಈಗ ನಮಗ ತಿಳೀತು ಅಷ್ಟಽ.’

ನಿರ್ದೇಶಕರೂ ಇದೇ ಅರ್ಥವನ್ನು ಹೇಳಿದ್ದನ್ನು ಮುಂದೆ ಪತ್ರಿಕೆಗಳಲ್ಲಿ ಓದಿದೆವು: ಮರದ ಭಾಷೆ ಬದಲಾಗಲಿಲ್ಲ, ನೋಡುವವರೂ ಆ ಕುಟುಂಬಕ್ಕೆ ಸೇರಿದ್ದರಿಂದ ಅವರಿಗೆ ಅರ್ಥವಾಯಿತು. ಆದರೆ ಮಗಳು ಪತ್ರಿಕೆ ಓದಿ ಹೇಳಿದ್ದಲ್ಲ. ಹೇಗೆ ತಿಳಿಯಿತೆಂದು ರಿಕ್ಷಾದಲ್ಲಿ ಕೇಳಿದೆವು. ‘ಅಜ್ಜಿ ಆತ್ಬಿಡು ಅಂದ್ಹಂಗ’ ಎಂದು ಉತ್ತರ ಬಂತು.

ಇದಕ್ಕೆ ಸ್ವಲ್ಪ ವ್ಯಾಖ್ಯಾನ ಬೇಕು. ನಮ್ಮ ಅವ್ವ ಮಿತಭಾಷಿ. ಅವರ ದಿನಬಳಕೆಯ ಮಾತಿನಲ್ಲಿ ಅರ್ಧಪಾಲು ‘ಆತ್ಬಿಡು’ ಎಂಬ ಒಂದೇ ಪದ. ಅಡಿಗೆಯಾಯಿತೇ ಎಂದರೆ ‘ಆತ್ಬಿಡು’. ಮೊಮ್ಮಗಳು ಶಾಲೆಯಲ್ಲಿ ಬಹುಮಾನ ತಂದರೆ ತಲೆ ಸವರಿ ‘ಆತ್ಬಿಡು’. ಸಂಬಳ ಬಂದ ದಿನ ನಾವು ಅನಗತ್ಯವಾದದ್ದೇನಾದರೂ ಕೊಂಡು ತಂದು ಬೆಲೆ ಕಡಿಮೆಮಾಡಿ ಹೇಳಿದಾಗ ಕನ್ನಡಕದ ಮೇಲಿಂದ ನೋಡಿ ‘ಆತ್ಬಿಡು’. ಊರಿನಿಂದ ಫೋನು ಬಂದು, ಒಟ್ಟಿಗೆ ನೀರು ಹೊತ್ತ ಗೆಳತಿ ಹೋದಳೆಂದು ತಿಳಿದ ದಿನವೂ ಗೋಡೆಗೆ ಒರಗಿ ಕುಳಿತು, ಬಹಳ ಹೊತ್ತಿನ ಮೇಲೆ ಹೇಳಿದ್ದು ಅದೇ. ಪದಕೋಶದಲ್ಲಿ ಇದಕ್ಕೆ ಒಂದೇ ಅರ್ಥ ಸಿಕ್ಕೀತು. ನಮ್ಮ ಮಗಳಿಗೆ ಏಳು ಗೊತ್ತು. ಅವಳಿಗೆ ಕನ್ನಡದಲ್ಲಿ ಒಂದು ಪುಟ ತಪ್ಪಿಲ್ಲದೆ ಬರೆಯಲು ಬಾರದು. ಒತ್ತಕ್ಷರ ಕಂಡರೆ ಹೆದರುತ್ತಾಳೆ. ಶಾಲೆಯ ಸುದ್ದಿಯನ್ನೆಲ್ಲ ಮರಾಠಿಯಲ್ಲಿ ಹೇಳುತ್ತಾಳೆ. ಆದರೆ ಅಡಿಗೆಮನೆಯಿಂದ ಬಂದ ‘ಆತ್ಬಿಡು’ ಕೇಳಿ, ‘ಅಪ್ಪಾ, ಅಜ್ಜಿಗೆ ಮೊಣಕಾಲು ನೋಯಾಕತ್ತೈತಿ, ಹೇಳಾಕ ಒಲ್ಲಳು’ ಎಂದು ನಮಗೆ ಹೇಳುವವಳು ಅವಳೇ. ಈ ಪಾಠವನ್ನು ಅವಳಿಗೆ ಯಾರೂ ಮಾಡಲಿಲ್ಲ. ಅಜ್ಜಿಯ ಮಗ್ಗುಲಲ್ಲಿ ಮಲಗಿ ಕಲಿತದ್ದು.

ಚಿತ್ರದಲ್ಲಿ ಇದಕ್ಕೆ ಎದುರಾದ ಪಾತ್ರವೂ ಒಂದಿದೆ. ಗಮೋರಾ ಎಂಬಾಕೆ ಹಿಂದೆ ಈ ತಂಡದವಳೇ. ಆ ಗಮೋರಾ 2018ರ ಬೇರೊಂದು ಚಿತ್ರದಲ್ಲಿ ತೀರಿಹೋದಳು. ಈಗ ಬಂದಿರುವವಳು ಹಿಂದಿನ ಕಾಲದಿಂದ ಎದ್ದು ಬಂದ ಅದೇ ಹೆಂಗಸು. ಈ ಗೆಳೆಯರ ಪರಿಚಯವಾಗುವ ಮೊದಲಿನವಳು. ಮುಖ ಅದೇ, ಕೂಡಿ ಕಳೆದ ವರ್ಷಗಳಿಲ್ಲ. ಅವಳಿಗೆ ಮರದ ಮಾತು ತಿಳಿಯುವುದಿಲ್ಲ. ಅದು ಹೇಳಿದ್ದನ್ನೇ ಹೇಳುತ್ತಿದೆ, ನೀವೆಲ್ಲ ಅರ್ಥ ಕಟ್ಟುತ್ತಿದ್ದೀರಿ ಎಂದು ರೇಗುತ್ತಾಳೆ. ಒಟ್ಟಿಗೆ ಕಷ್ಟಪಟ್ಟು ಹೋರಾಡಿ ಹೊರಡುವ ಹೊತ್ತಿಗೆ, ಮರ ಏನೋ ಅನ್ನುತ್ತದೆ. ಅವಳು ಸಹಜವಾಗಿ ಉತ್ತರ ಕೊಡುತ್ತಾಳೆ. ತನಗೆ ತಿಳಿಯಿತೆಂಬುದು ಅವಳಿಗೇ ಹೊಳೆದಂತಿಲ್ಲ.

ಕಳೆದ ಬೇಸಿಗೆಯ ರಜೆಯಲ್ಲಿ ನೊಯಿಡಾದಿಂದ ನಮ್ಮ ಅಕ್ಕನ ಮಗ ಬಂದಿದ್ದ. ಹತ್ತು ವರ್ಷದವನು. ಮನೆಯಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷು. ಅಜ್ಜಿಯ ಸಂಗಡ ಅವನ ಮಾತು ಫೋನಿನಲ್ಲಿ ‘ನಮಸ್ತೇ’ಗೆ ಪ್ರಾರಂಭವಾಗಿ ‘ಬೈ’ಗೆ ಮುಗಿಯುತ್ತಿತ್ತು, ಎರಡರ ನಡುವೆ ಏನೂ ಇರುತ್ತಿರಲಿಲ್ಲ. ಬಂದ ಎರಡನೆಯ ದಿನ, ‘ಮಾಮಾ, ಅಜ್ಜಿ ಹೇಳಿದ್ದನ್ನೇ ಹೇಳ್ತಾಳೆ, ಗ್ರೂಟ್ ಹಾಗೆ’ ಎಂದು ಹಿಂದಿಯಲ್ಲಿ ನಗಾಡಿದ. ಮಗಳಿಗೆ ಸಿಟ್ಟು ಬಂತು. ಅಂದೇ ಸಂಜೆ ಮನೆಯ ಟೀವಿಯಲ್ಲಿ ಮೂರನೆಯ ಸಂಪುಟವನ್ನು ಹಚ್ಚಿ ಅವನನ್ನು ಕೂಡ್ರಿಸಿ ಮತ್ತೊಮ್ಮೆ ತೋರಿಸಿದಳು. ಅವನೇನೂ ಒಂದು ದಿನದಲ್ಲಿ ಬದಲಾಗಲಿಲ್ಲ. ಆದರೆ ಮೂರು ವಾರ ಇದ್ದ. ಅಜ್ಜಿಯ ಸಂಗಡ ಶೇಂಗಾ ಸುಲಿದ, ಸೂಜಿಗೆ ದಾರ ಪೋಣಿಸಿಕೊಟ್ಟ, ಮಧ್ಯಾಹ್ನ ಆಕೆಯ ಚಾಪೆಯಲ್ಲಿ ಉರುಳಿದ. ಹೊರಡುವ ದಿನ ರೇಲ್ವೆ ನಿಲ್ದಾಣದಲ್ಲಿ ಗಾಡಿ ಅಲುಗಿದಾಗ ಅವ್ವ ಅಂದದ್ದು ಒಂದೇ ಪದ, ಯಾವುದೆಂದು ಹೇಳಬೇಕಾಗಿಲ್ಲ. ಹುಡುಗ ಕಿಟಕಿಯ ಸರಳು ಹಿಡಿದು, ‘ಬರ್ತೀನಿ ಅಜ್ಜಿ, ದೀಪಾವಳಿಗೆ ಬರ್ತೀನಿ’ ಎಂದ. ಅವನ ಕನ್ನಡ ಒರಟಾಗಿತ್ತು. ಉತ್ತರ ಮಾತ್ರ ಸರಿಯಾಗಿತ್ತು.

ಇತ್ತೀಚೆಗೆ ಸಂಘದ ಸಭೆಯಲ್ಲಿ ‘ಮಕ್ಕಳಿಗೆ ಕನ್ನಡ ಉಳಿಸುವುದು ಹೇಗೆ?’ ಎಂಬ ಚರ್ಚೆ ಮತ್ತೆ ಎದ್ದಿತು. ಭಾನುವಾರದ ವರ್ಗಕ್ಕೆ ಮಕ್ಕಳು ಬರುವುದಿಲ್ಲ, ಬಂದವರು ವರ್ಣಮಾಲೆ ದಾಟುವುದಿಲ್ಲ ಎಂದು ಒಬ್ಬರು. ಪರೀಕ್ಷೆಯಿಟ್ಟು ಪ್ರಮಾಣಪತ್ರ ಕೊಡಿರೆಂದು ಇನ್ನೊಬ್ಬರು. ‘ಇನ್ನೊಂದು ತಲೆಮಾರಿಗೆ ಮುಗಿಯಿತು, ಸುಮ್ಮನೆ ಏಕೆ ಒದ್ದಾಟ?’ ಎಂದು ಹಿರಿಯರೊಬ್ಬರು ನಿಟ್ಟುಸಿರುಬಿಟ್ಟರು. ನಾವು ವರ್ಗಕ್ಕೆ ವಿರೋಧಿಗಳಲ್ಲ. ಅಕ್ಷರ ಬೇಕೇ ಬೇಕು. ಅಕ್ಷರವಿಲ್ಲದಿದ್ದರೆ ಈ ಪತ್ರಿಕೆಯನ್ನು ನಾಳೆ ಯಾರು ಓದಬೇಕು? ಆದರೆ ವಾರಕ್ಕೊಂದು ತಾಸಿನ ವರ್ಗ ಅಕ್ಷರವನ್ನು ಕೊಟ್ಟೀತೇ ಹೊರತು, ಏಳು ಅರ್ಥದ ‘ಆತ್ಬಿಡು’ವನ್ನು ಕೊಡಲಾರದು. ಅದನ್ನು ಕೊಡುವ ಉಪಾಧ್ಯಾಯರು ನಮ್ಮ ಮನೆಗಳಲ್ಲಿಯೇ, ಬಾಲ್ಕನಿಯ ಮೂಲೆಯಲ್ಲಿ, ಮಾತಿಗೆ ಜನರಿಲ್ಲದೆ ಕುಳಿತಿದ್ದಾರೆ. ಕೆಲವರು ಊರಿನ ಮನೆಯಲ್ಲಿ ಒಬ್ಬರೇ ಇದ್ದಾರೆ. ಅವರು ಎಷ್ಟು ವರ್ಷ ಇರುತ್ತಾರೆಂಬುದು ನಮ್ಮ ಕೈಯಲ್ಲಿಲ್ಲ. ಮುಂದಿನ ರಜೆಯಲ್ಲಿ ಮೊಮ್ಮಕ್ಕಳನ್ನು ಅವರ ಚಾಪೆಯ ಮೇಲೆ ಮೂರು ವಾರ ಬಿಡುವುದು ನಮ್ಮ ಕೈಯಲ್ಲಿದೆ. ಈಜಿನ ವರ್ಗ, ಗಿಟಾರಿನ ವರ್ಗ ಮೂರು ವಾರ ನಿಂತರೆ ಹೋಗುವ ಗಂಟೇನೂ ಇಲ್ಲ.

ಕೊನೆಗೆ ಪ್ರೇಕ್ಷಕರ ಒಂದು ಸದ್ಗುಣವನ್ನು ಹೇಳಿ ಮುಗಿಸುತ್ತೇವೆ. ಹರಿಕಥೆಯಲ್ಲಿ ಮಂಗಳಾರತಿಯಾಗುವ ತನಕ ಏಳಬಾರದೆಂದು ನಮ್ಮ ಹಿರಿಯರ ಕಟ್ಟಳೆ. ಸಿನೇಮಾ ಬಂದ ಮೇಲೆ ‘ಶುಭಂ’ ಕಾಣುವ ಮೊದಲೇ ಚಪ್ಪಲಿ ಹುಡುಕುವ ರೂಢಿಯಾಯಿತು. ಈ ಮಾರ್ವೆಲ್ ಚಿತ್ರಗಳು ಹಳೆಯ ಕಟ್ಟಳೆಯನ್ನು ತಿರುಗಿ ತಂದಿವೆ. ಹೆಸರುಗಳ ಉದ್ದನೆಯ ಪಟ್ಟಿ ಮುಗಿದ ಮೇಲೂ ಒಂದು ಚಿಕ್ಕ ದೃಶ್ಯವಿರುತ್ತದೆಂದು ಎಲ್ಲರಿಗೂ ಗೊತ್ತು. ಕಸಗುಡಿಸುವವರು ಪೊರಕೆ ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದರೂ ಯಾರೂ ಏಳಲಿಲ್ಲ. ಕಟ್ಟಕಡೆಗೆ ಕಂಡದ್ದೇನು? ಯುದ್ಧವಲ್ಲ, ವಿಮಾನವಲ್ಲ. ಮೇಜಿನ ಒಂದು ಕಡೆ ಪತ್ರಿಕೆ ಹಿಡಿದ ಅಜ್ಜ, ಇನ್ನೊಂದು ಕಡೆ ಬೆಳಗಿನ ತಿಂಡಿ ತಿನ್ನುತ್ತಿರುವ ಪೀಟರ್. 1988ರಲ್ಲಿ ಕಳೆದುಹೋದ ಮೊಮ್ಮಗ ನಡುವಯಸ್ಸಿನವನಾಗಿ ತಿರುಗಿ ಬಂದಿದ್ದಾನೆ. ಇಬ್ಬರೂ ನೆರೆಮನೆಯ ಅಂಗಳದ ಹುಲ್ಲು ಕತ್ತರಿಸುವ ವಿಷಯ ಮಾತಾಡುತ್ತಾರೆ. ಹುಡುಗರಲ್ಲಿ ಕೆಲವರು ‘ಇಷ್ಟಕ್ಕೇ ಕಾಯಿಸಿದರೇ?’ ಎಂದು ಎದ್ದರು. ನಮ್ಮ ಅವ್ವ ಏಳಲಿಲ್ಲ. ಪರದೆ ಬರಿದಾದ ಮೇಲೂ ಎರಡು ನಿಮಿಷ ಅದನ್ನೇ ನೋಡುತ್ತ ಕುಳಿತಿದ್ದರು.

ಈ ಲೇಖನವನ್ನು ಅಂಚೆಗೆ ಹಾಕುವ ಮೊದಲು ಅವ್ವನಿಗೆ ಓದಿ ತೋರಿಸಿದೆವು. ಅವರ ಮಾತು ಇದರಲ್ಲಿ ಬಂದಿರುವುದರಿಂದ ಅವರ ಒಪ್ಪಿಗೆ ಬೇಕಲ್ಲವೇ? ಪೂರ್ತಿ ಕೇಳಿ, ಕನ್ನಡಕ ತೆಗೆದು ಒರೆಸಿ, ‘ಆತ್ಬಿಡು’ ಎಂದರು. ಅನುಮತಿಯೋ ಆಕ್ಷೇಪಣೆಯೋ ಎಂದು ಮಗಳ ಮುಖ ನೋಡಿದೆವು. ‘ಕಳಸಪ್ಪಾ, ಅಡ್ಡಿಯಿಲ್ಲ’ ಎಂದಳು.